ಪಾವಗಡದ ಪಿಎಚ್‌ಸಿಯಲ್ಲಿ ಮೊದಲ ವರ್ಷ: ಇಟ್ಕೊಳ್ಳೋದಾ, ಕಳಿಸೋದಾ?

ಎಂಬಿಬಿಎಸ್ ಮುಗಿಸಿದ ಮೇಲೆ ಮೊದಲ ವರ್ಷ ಹೇಗಿರುತ್ತದೆ ಅಂತ ಜೂನಿಯರ್‌ಗಳು ಆಗಾಗ ಕೇಳುತ್ತಾರೆ. ನನ್ನದು ಕಳೆದದ್ದು ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ). 2012ರ ಕಾಯ್ದೆ ಪ್ರಕಾರ ಆಗ ಒಂದು ವರ್ಷ ಸರ್ಕಾರಿ ಸೇವೆ ಕಡ್ಡಾಯವಾಗಿತ್ತು, ನಮ್ಮ ಬ್ಯಾಚ್‌ಗೆ ತಪ್ಪಿಸಿಕೊಳ್ಳೋ ದಾರಿಯೇ ಇರಲಿಲ್ಲ. ಪಾವಗಡ ಅಂತ ಗೊತ್ತಾದಾಗ ಗೆಳತಿಯೊಬ್ಬಳು "ಅದು ಆಂಧ್ರದಲ್ಲಿ ಅಲ್ವೇನೇ?" ಅಂದಳು. ಮ್ಯಾಪ್ ನೋಡಿದರೆ ಅವಳು ಹೇಳಿದ್ದರಲ್ಲಿ ಅರ್ಥ ಇದೆ, ಹೆಚ್ಚುಕಡಿಮೆ ಎಲ್ಲ ಕಡೆಯಿಂದ ಆಂಧ್ರವೇ ಸುತ್ತಿಕೊಂಡಿದೆ. ತುಮಕೂರಿನ ಜಿಲ್ಲಾಸ್ಪತ್ರೆಗೆ ಮಧುಗಿರಿ ಮೇಲೆ ಹೋಗಬೇಕು, ನೂರು ಕಿಲೋಮೀಟರ್ ಆಸುಪಾಸು. ಈ ದೂರ ನೆನಪಿರಲಿ, ಮುಂದೆ ಹೇಳೋದೆಲ್ಲ ಅದರ ಮೇಲೇ ನಿಂತಿದೆ.

ಕಾಲೇಜಿನ ಆಸ್ಪತ್ರೆಗೆ ಬರೋ ರೋಗಿ ಎಲ್ಲೋ ಒಂದು ಕಡೆ ಸೋಸಿಕೊಂಡೇ ಬಂದಿರುತ್ತಾನೆ. ಯಾರೋ ಒಬ್ಬ ಡಾಕ್ಟರು ನೋಡಿ, ಇದು ನಮ್ಮ ಕೈಲಾಗೋದಲ್ಲ ಅಂತ ಚೀಟಿ ಬರೆದಿರುತ್ತಾರೆ. ಪಿಎಚ್‌ಸಿಯಲ್ಲಿ ಆ ಯಾರೋ ಒಬ್ಬ ಡಾಕ್ಟರು ನಾವೇ. ಇಲ್ಲಿ ಕಾಯಿಲೆಯ ಹೆಸರು ಗೊತ್ತಾಗದಿದ್ದರೂ ನಡೆಯುತ್ತದೆ, ಆದರೆ ಎದುರಿಗಿರೋ ಮನುಷ್ಯನನ್ನು ಇಲ್ಲೇ ಇಟ್ಟುಕೊಳ್ಳಬೇಕಾ, ಕಳಿಸಬೇಕಾ, ಕಳಿಸೋದಾದರೆ ಈಗಲೇನಾ ಇಲ್ಲ ಏನಾದರೂ ಕೊಟ್ಟು ಕಳಿಸಬೇಕಾ, ಇಷ್ಟು ಮಾತ್ರ ಆಗಲೇ ತೀರ್ಮಾನ ಆಗಬೇಕು. ಐದೂವರೆ ವರ್ಷದಲ್ಲಿ ಇದನ್ನು ನನಗೆ ಯಾರೂ ಒಂದು ಪಾಠ ಅಂತ ಕೂರಿಸಿ ಹೇಳಿಕೊಟ್ಟಿರಲಿಲ್ಲ.

ಹಾವು ಕಡಿತದಿಂದಲೇ ಶುರು ಮಾಡುತ್ತೇನೆ. ಪಾವಗಡ ಕಡ್ಲೆಕಾಯಿ ಬೆಳೆಯೋ ಒಣಭೂಮಿ. ಕಳೆ ಕೀಳುವಾಗ, ಗಿಡ ಕೀಳುವಾಗ, ರಾತ್ರಿ ಪಂಪ್‌ಸೆಟ್ ಆನ್ ಮಾಡೋಕೆ ಹೋದಾಗ ಕಡಿಸಿಕೊಂಡು ಬರುತ್ತಾರೆ. ಕೆಲವರು ಮೊದಲು ಮಂತ್ರ ಹಾಕೋರ ಹತ್ತಿರ ಹೋಗಿ, ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿಸಿಕೊಂಡು, ಬ್ಲೇಡಿನಲ್ಲಿ ಕೊಯ್ಸಿಕೊಂಡು ಬರುತ್ತಾರೆ. ಕಟ್ಟು ನೋಡಿದ ತಕ್ಷಣ ಬಿಚ್ಚೋಕೆ ಕೈ ಹೋಗುತ್ತದೆ. ಬಿಚ್ಚಬೇಡಿ. ಮೊದಲು ಡ್ರಿಪ್ ಹಾಕಿ, ಔಷಧಿ ರೆಡಿ ಮಾಡಿ, ಆಮೇಲೆ ನಿಧಾನಕ್ಕೆ ಸಡಿಲಿಸಿ. ಒಂದೇ ಸಲ ಬಿಚ್ಚಿದರೆ ಕೆಳಗೆ ತಡೆದು ನಿಂತಿದ್ದ ವಿಷ ಒಟ್ಟಿಗೇ ಮೇಲೇರಬಹುದು.

ಕೊಳಕುಮಂಡಲ, ಗರಗಸ ಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟೋದು ನಿಲ್ಲುತ್ತದೆ. ಅದನ್ನು ಕಂಡುಹಿಡಿಯೋಕೆ ದೊಡ್ಡ ಲ್ಯಾಬ್ ಬೇಡ. ಎರಡು ಎಂಎಲ್ ರಕ್ತ ತೆಗೆದು ಹೊಸ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲ್ಲಾಡಿಸದೆ ಇಡಬೇಕು, ಆಮೇಲೆ ಒಂದೇ ಒಂದು ಸಲ ವಾಲಿಸಿ ನೋಡಬೇಕು. ಹೆಪ್ಪು ಬಿದ್ದ ಮೊಸರಿನ ಥರ ಅಲ್ಲೇ ನಿಂತರೆ ಸದ್ಯಕ್ಕೆ ಸರಿ, ನೀರಾಗಿ ಹರಿದರೆ ಆಂಟಿ ಸ್ನೇಕ್ ವೆನಮ್, ಅಂದರೆ ಹಾವಿನ ವಿಷ ಇಳಿಸೋ ಔಷಧಿ, ಶುರು ಮಾಡಬೇಕು. ಇದರಲ್ಲಿ ಎಡವಟ್ಟಾಗೋದು ಟ್ಯೂಬಿನಲ್ಲೇ. ಪ್ಲಾಸ್ಟಿಕ್ ಟ್ಯೂಬ್ ಆಗಲ್ಲ, ಸೋಪುಪುಡಿ ಹಾಕಿ ತೊಳೆದ ಗಾಜೂ ಆಗಲ್ಲ, ಎರಡರಲ್ಲೂ ಒಳ್ಳೇ ರಕ್ತವೇ ಹೆಪ್ಪುಗಟ್ಟದೆ ಹೋಗಬಹುದು. ನಮ್ಮಲ್ಲಿ ಇದ್ದದ್ದೆಲ್ಲ ಪ್ಲಾಸ್ಟಿಕ್. ತುಮಕೂರಿಗೆ ಹೋದಾಗ ಸರ್ಜಿಕಲ್ ಅಂಗಡಿಯಲ್ಲಿ ಗಾಜಿನ ಟ್ಯೂಬಿನ ಡಬ್ಬಿ ತಂದು, ಹೆರಿಗೆ ರೂಮಿನ ಕಪಾಟಿನಲ್ಲಿ ಇಟ್ಟು, "ಇದನ್ನ ಯಾರೂ ತೊಳೀಬೇಡಿ" ಅಂತ ಚೀಟಿ ಅಂಟಿಸಿದೆ. ಆದರೂ ಗ್ರೂಪ್ ಡಿ ಅಕ್ಕ ಒಂದು ಸಲ ಎಲ್ಲಾನೂ ಲಕಲಕ ಅನ್ನೋ ಹಾಗೆ ತೊಳೆದಿಟ್ಟಿದ್ದರು!

ಈ ಔಷಧಿಯ ಮೊದಲ ಡೋಸ್ 10 ವೈಲ್ (ಚಿಕ್ಕ ಬಾಟಲಿ), ದೊಡ್ಡವರಿಗೂ ಅಷ್ಟೇ, ಮಕ್ಕಳಿಗೂ ಅಷ್ಟೇ. ಮಗು ಚಿಕ್ಕದು ಅಂತ ಹಾವೇನು ವಿಷ ಕಮ್ಮಿ ಬಿಡಲ್ಲ. ಔಷಧಿಗೇ ಅಲರ್ಜಿ ಆಗೋದುಂಟು, ಅದಕ್ಕೆ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲಿಟ್ಟುಕೊಂಡೇ ಶುರು ಮಾಡುತ್ತಿದ್ದೆ.

ಕಟ್ಟುಹಾವಿನ ಲೆಕ್ಕವೇ ಬೇರೆ. ಅದರ ಕಡಿತದಲ್ಲಿ ಊತ ಇರಲ್ಲ, ಗುರುತೂ ಸರಿಯಾಗಿ ಕಾಣಲ್ಲ, ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಡಿದಿರುತ್ತದೆ. ಒಂದು ಬೆಳಗಿನ ಜಾವ ಒಬ್ಬ ಹುಡುಗ ಹೊಟ್ಟೆನೋವು ಅಂತ ಬಂದ. ಜೊತೆಗೆ ಬಂದಿದ್ದ ಚಿಕ್ಕಪ್ಪ "ಗ್ಯಾಸು ಮೇಡಂ, ರಾತ್ರಿ ಬೋಂಡ ತಿಂದವ್ನೆ, ಒಂದು ಸೂಜಿ ಹಾಕಿ ಕಳಿಸಿ" ಅಂದರು. ಹುಡುಗ ಮಾತಾಡುವಾಗ ತಲೆ ಹಿಂದಕ್ಕೆ ವಾಲಿಸಿ ನನ್ನನ್ನು ನೋಡುತ್ತಿದ್ದ. ಮೇಲೆ ನೋಡಪ್ಪಾ ಅಂದೆ. ಹುಬ್ಬು ಮೇಲೇರಿತು, ರೆಪ್ಪೆ ಏಳಲಿಲ್ಲ. ಕಟ್ಟುಹಾವಿನ ವಿಷಕ್ಕೆ ಸ್ನಾಯು ಸೋಲೋದರ ಗುರುತು ಅದು. ಎಲ್ಲಿ ಮಲಗಿದ್ದೆ ಅಂದರೆ ಕಣದಲ್ಲಿ, ಚಾಪೆ ಮೇಲೆ. ಇದ್ದ ಹತ್ತು ವೈಲನ್ನೂ ಶುರು ಮಾಡಿ ಸೀನಿಯರ್ ಒಬ್ಬರಿಗೆ ಫೋನ್ ಮಾಡಿದೆ, ವೆಂಟಿಲೇಟರ್ ಇರೋ ಕಡೆಗೆ ನೇರ ಕಳಿಸು ಅಂದರು. 108ರಲ್ಲಿ ಸಿಸ್ಟರ್ ಮತ್ತು ನಾನು ಇಬ್ಬರೂ ಹತ್ತಿದೆವು. ಮಧುಗಿರಿ ಹತ್ತಿರ ಬರೋ ಹೊತ್ತಿಗೆ ಉಸಿರು ಸಣ್ಣಗಾಯಿತು. ಅಲ್ಲಿಂದ ತುಮಕೂರಿನವರೆಗೂ ಸರದಿ ಮೇಲೆ ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡೋ ಚೀಲ) ಒತ್ತುತ್ತಾ ಹೋದೆವು. ಹುಡುಗ ಉಳಿದ. ವಾಪಸ್ ಬಂದದ್ದು ಥ್ಯಾಂಕ್ಸ್ ಹೇಳೋಕಲ್ಲ, ಕೆಲಸದ ಕಡೆ ಕೇಳ್ತಾರೆ ಅಂತ ಫಿಟ್‌ನೆಸ್ ಸರ್ಟಿಫಿಕೇಟಿಗೆ.

ಕಳಿಸೋ ಕೆಲಸಕ್ಕೆ ನಾನು ಮಾಡಿಕೊಂಡ ಒಂದು ಪದ್ಧತಿ ಇದೆ, ಇದನ್ನು ಯಾರು ಬೇಕಾದರೂ ಮಾಡಬಹುದು. ಒಂದು ನೋಟ್‌ಬುಕ್. ಕಳಿಸಿದ ಪ್ರತಿಯೊಬ್ಬರ ಹೆಸರು, ಮನೆಯವರ ನಂಬರು, ನನಗೆ ಏನು ಅನುಮಾನ ಇತ್ತು ಅನ್ನೋದು. ಮಾರನೇ ದಿನ ಸಂಜೆ ಫೋನ್ ಮಾಡಿ ಅಲ್ಲಿ ಏನು ಹೇಳಿದರು ಅಂತ ಕೇಳಿ ಅದರ ಮುಂದೆ ಬರೆಯೋದು. ಸುಮ್ನೆ ಕಳಿಸಿ ಕೈ ತೊಳೆದುಕೊಂಡರೆ ನಮ್ಮ ಅಂದಾಜು ಸರಿಯಿತ್ತಾ ಇಲ್ವಾ ಅನ್ನೋದು ಯಾವತ್ತೂ ಗೊತ್ತಾಗಲ್ಲ. ಆ ಪುಸ್ತಕದಲ್ಲಿ ನನಗೆ ಕಂಡದ್ದು ಎರಡು. ಹೊಟ್ಟೆನೋವನ್ನು ಬೇಕಿದ್ದಕ್ಕಿಂತ ಜಾಸ್ತಿ ಕಳಿಸುತ್ತಿದ್ದೆ, ಎದೆಯುರಿ ಅಂತ ಬರೋ ಸಕ್ಕರೆ ಕಾಯಿಲೆಯವರನ್ನು ಇನ್ನೂ ಬೇಗ ಕಳಿಸಬಹುದಿತ್ತು. ಸಕ್ಕರೆ ಇರೋರಿಗೆ ಹೃದಯಾಘಾತದಲ್ಲೂ ಎದೆನೋವು ಬಾರದೆ ಇರಬಹುದು ಅಂತ ಪರೀಕ್ಷೆಗೆ ಓದಿದ್ದೆ. ನನ್ನ ನೋಟ್‌ಬುಕ್‌ನಲ್ಲಿ ಅಂಥ ಎರಡು ಹೆಸರು ಬಂದ ಮೇಲೆ ಇಸಿಜಿ ತೆಗೆಯದೆ ಅಂಥವರು ಯಾರನ್ನೂ ಬಿಡಲಿಲ್ಲ.

ಚೀಟಿಯಲ್ಲಿ ಏನು ಕೊಟ್ಟಿದ್ದೀರಿ, ಎಷ್ಟು ಗಂಟೆಗೆ ಕೊಟ್ಟಿದ್ದೀರಿ ಅಂತ ಬರೆಯಿರಿ. ಹೊರಡೋ ಮುಂಚೆ ಅಲ್ಲಿಗೆ ಫೋನ್ ಮಾಡಿ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಬೆಡ್ ಇಲ್ಲ ಅಂತ ಬಾಗಿಲಲ್ಲೇ ವಾಪಸ್ ಕಳಿಸಿದ ಮೇಲೆ, ಮಾತಾಡಿದವರ ಹೆಸರನ್ನೂ ಚೀಟಿಯಲ್ಲಿ ಬರೆಯೋಕೆ ಶುರು ಮಾಡಿದೆ. ಆಮೇಲೆ ಬೆಡ್ ಸಿಗೋಕೆ ಶುರುವಾಯಿತು.

ಇನ್ನು ಇಟ್ಟುಕೊಳ್ಳೋರ ವಿಷಯ. ಮಂಡಿನೋವು, ಸೊಂಟನೋವು ಅಂತ ಬರೋರಿಗೆ ಲೆಕ್ಕವಿಲ್ಲ. ಪಾವಗಡದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ಮಾನದಂಡ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆ ಕೀಲು ಬಿಗಿಯುತ್ತದೆ. ಅದಕ್ಕೆ ವಾಪಸ್ ತರೋ ಮಾತ್ರೆ ಇಲ್ಲ. ಅವರು ಕೇಳೋದು ಮಾತ್ರ "ಒಂದು ಸೂಜಿ". ನೋವಿನ ಇಂಜೆಕ್ಷನ್ ವಾರವಾರ ಹಾಕಿದರೆ ಕಿಡ್ನಿಗೆ ಹೊಡೆತ, ಹಾಕದಿದ್ದರೆ ಪಕ್ಕದ ಊರಿನ ಆರ್‌ಎಂಪಿ (ಡಿಗ್ರಿ ಇಲ್ಲದ ಹಳ್ಳಿ ಡಾಕ್ಟರು) ಹಾಕುತ್ತಾನೆ. ಹಿಂದಿನ ಡಾಕ್ಟ್ರು ಹಾಕ್ತಿದ್ರು ಅನ್ನೋ ಮಾತು ದಿನಾ ಕೇಳಬೇಕು. ಬರೀ ಬೇಡ ಅಂದರೆ ಯಾರೂ ಒಪ್ಪಲ್ಲ, ಅದಕ್ಕೆ ಬಿಪಿ ನೋಡಿ, ಮಂಡಿ ಮುಟ್ಟಿ, ಮಡಚಿಸಿ, "ಕುಡಿಯೋ ನೀರು ಎಲ್ಲಿಂದ ತಾತಾ?" ಅಂತ ವಿಚಾರಿಸಿ, ಕುಡಿಯೋಕೂ ಅಡುಗೆಗೂ ಶುದ್ಧ ನೀರಿನ ಘಟಕದ ಕ್ಯಾನ್ ತರೋಕೆ ಹೇಳಿ, ಪ್ಯಾರಾಸಿಟಮಾಲ್ ಕೊಡುತ್ತಿದ್ದೆ. ಮುಟ್ಟಿ ನೋಡಿದರೆ ಅರ್ಧ ಜನ ಸೂಜಿ ಮರೆಯುತ್ತಾರೆ. ಉಳಿದರ್ಧ ಬೈಕೊಂಡು ಹೋಗುತ್ತಾರೆ, ಹೋಗಲಿ.

ಬಹಳ ಜನ ತೆಲುಗು ಮಾತಾಡುತ್ತಾರೆ. ನೋವು ಎಲ್ಲಿ, ಯಾವಾಗಿಂದ ಅಂತ ಕೇಳುವಷ್ಟು ಸಿಸ್ಟರ್ ಕಲಿಸಿದರು. ಪೋಸ್ಟ್‌ಮಾರ್ಟಂ, ಗಾಯದ ಸರ್ಟಿಫಿಕೇಟ್, ಕೋರ್ಟ್ ಸಮನ್ಸ್ ಇವೂ ತಲೆ ಮೇಲೆ ಬರುತ್ತವೆ, ಇಂಟರ್ನ್‌ಶಿಪ್‌ನಲ್ಲೇ ಫೊರೆನ್ಸಿಕ್‌ನವರ ಹಿಂದೆ ಬಿದ್ದು ಬರೆಯೋದು ಕಲಿತುಕೊಳ್ಳಿ.

ಹೋಗೋರು ಗಾಜಿನ ಟ್ಯೂಬು, ತಲೆಗೆ ಕಟ್ಟೋ ಟಾರ್ಚು, ನಿಮ್ಮದೇ ಒಂದು ಒಳ್ಳೆ ಅಂಬು ಬ್ಯಾಗು ತಗೊಂಡು ಹೋಗಿ. ಮೊದಲ ಸಂಬಳ ಕೈಗೆ ಬರೋಕೆ ತಿಂಗಳುಗಳೇ ಹಿಡಿಯಬಹುದು, ಅಲ್ಲಿವರೆಗಿನ ಬಾಡಿಗೆ, ಊಟದ ದುಡ್ಡು ಮನೆಯಿಂದಲೇ ಇಸ್ಕೊಂಡು ಹೊರಡಿ.