‘ಖ್ಯಾತ’ ಅಂತ ಯಾರ ಹೆಸರಿಗೆ ಹಾಕೋದು?

ತಿಪಟೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಅಕ್ಟೋಬರ್ ಕೊನೆಗೆ ರಾಜ್ಯೋತ್ಸವದ ಆಹ್ವಾನ ಪತ್ರಿಕೆಗಳು ಸಾಲುಗಟ್ಟುತ್ತವೆ. ಬಂದವರೆಲ್ಲ ಹೇಳುವುದು ಒಂದೇ ಮಾತು: “ಹೆಸರಿನ ಮುಂಚೆ ಒಳ್ಳೇದು ಏನಾದ್ರೂ ಹಾಕಿ ಸಾರ್.” ಆ ‘ಏನಾದ್ರೂ’ ಏನು ಅನ್ನುವುದನ್ನು 18 ವರ್ಷದಲ್ಲಿ ಕಲಿತಷ್ಟು ಹೇಳುತ್ತೇನೆ.

ಮೊದಲು ‘ಖ್ಯಾತ’. ಇದನ್ನು ಆದಷ್ಟು ಬಿಡಿ. ‘ಖ್ಯಾತ ನಟ ಡಾ. ರಾಜ್‌ಕುಮಾರ್’ ಅಂತ ಬರೆದು ನೋಡಿ, ಓದೋಕೇ ಮುಜುಗರ ಅಲ್ವಾ? ಹೆಸರಾದವರಿಗೆ ಅದು ಬೇಕಿಲ್ಲ. ಹೆಸರಾಗದವರಿಗೆ ಹಾಕಿದರೆ ಅವರಿಗೇ ನಾಚಿಕೆ. ಬದಲಿಗೆ ಅವರ ಕೆಲಸ ಬರೆಯಿರಿ. ‘ಖ್ಯಾತ ಕಲಾವಿದರು’ ಅನ್ನುವ ಬದಲು ‘ಮೂಡಲಪಾಯ ಯಕ್ಷಗಾನದ ಭಾಗವತರು’ ಅಂದರೆ, ಆವತ್ತು ಸಂಜೆ ಏನು ಕೇಳಬಹುದು ಅಂತ ಓದಿದವನಿಗೆ ಗೊತ್ತಾಗುತ್ತದೆ.

ಈ ವಿಷಯದಲ್ಲಿ ನಮ್ಮ ಜನ ಜಾಣರು. ಹುಲಿಕಲ್‌ನಿಂದ ಕುದೂರಿನ ಕಡೆಗೆ ರಸ್ತೆ ಬದಿಯಲ್ಲಿ ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದ ತಿಮ್ಮಕ್ಕನವರಿಗೆ ‘ಸಾಲುಮರದ’ ಅಂತ ಸೇರಿಸಿ ಕರೆದರು. ‘ಖ್ಯಾತ ಪರಿಸರವಾದಿ’ ಅಂದಿದ್ದರೆ ಮರಗಳೇ ಕಾಣುತ್ತಿರಲಿಲ್ಲ.

ಇನ್ನು ಉಳಿದ ಪದಗಳು. ‘ಹೆಸರಾಂತ’ ಡಾಕ್ಟರು, ವಕೀಲರಿಗೆ ಒಗ್ಗುತ್ತದೆ. ‘ಹೆಸರುವಾಸಿ’ ಊರಿಗೆ, ತಿಂಡಿಗೆ ಚೆನ್ನ: ದಾವಣಗೆರೆ ಬೆಣ್ಣೆದೋಸೆಗೆ, ನಮ್ಮೂರು ಕೊಬ್ಬರಿಗೆ. ‘ಜನಪ್ರಿಯ’ ಅನ್ನುವುದು ಶಾಸಕರಿಗೆ ಮೀಸಲು, ಸೋಲುವ ವರ್ಷವೂ. ‘ಊರಿನ ಗಣ್ಯರು’ ಅಂತ ಕೊನೇ ಸಾಲಿನಲ್ಲಿ ತಪ್ಪದೆ ಹಾಕಿ. ಹೆಸರು ಬಿಟ್ಟುಹೋದವರು ಜಗಳಕ್ಕೆ ಬಂದಾಗ ಆ ಸಾಲೇ ಕಾಪಾಡುತ್ತದೆ.

ಬಿರುದು ಹಾಕುವಾಗ ಹುಷಾರು. ಒಂದು ಸಲ ಬೇಂದ್ರೆ ಜನ್ಮದಿನದ ಕಾರ್ಡಿನಲ್ಲಿ ನಾನು ‘ರಾಷ್ಟ್ರಕವಿ ಬೇಂದ್ರೆ’ ಅಂತ ಹೊಡೆದುಬಿಟ್ಟೆ. 500 ಕಾರ್ಡು ಅಚ್ಚಾಗಿತ್ತು. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ತಂದು ಟೇಬಲ್ ಮೇಲಿಟ್ಟರು. ಕನ್ನಡದಲ್ಲಿ ರಾಷ್ಟ್ರಕವಿಗಳು ಮೂವರೇ. ಗೋವಿಂದ ಪೈ ಅವರಿಗೆ 1949ರಲ್ಲಿ ಮದ್ರಾಸ್ ಸರ್ಕಾರ ಕೊಟ್ಟಿತು, ಕುವೆಂಪು ಅವರಿಗೆ 1964ರಲ್ಲಿ, ಜಿ.ಎಸ್. ಶಿವರುದ್ರಪ್ಪ ಅವರಿಗೆ 2006ರಲ್ಲಿ ಬಂತು. ಬೇಂದ್ರೆ ‘ವರಕವಿ’. ಐನೂರನ್ನೂ ನನ್ನ ಖರ್ಚಿನಲ್ಲೇ ಮತ್ತೆ ಹೊಡೆದೆ.

‘ಪದ್ಮಶ್ರೀ’ಯನ್ನೂ ಹೆಸರಿಗೆ ಅಂಟಿಸಬೇಡಿ. ಪದ್ಮ ಪ್ರಶಸ್ತಿಗಳನ್ನು ಬಿರುದಿನ ಹಾಗೆ ಹೆಸರಿನ ಹಿಂದೆ ಮುಂದೆ ಬಳಸಬಾರದು ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರಿನ ಕೆಳಗೆ ಬೇರೆ ಸಾಲಿನಲ್ಲಿ ‘ಪದ್ಮಶ್ರೀ ಪ್ರಶಸ್ತಿ ಪುರಸ್ಕೃತರು’ ಅಂತ ಹಾಕಿ. ಕಮಿಟಿಯವರು ಒಪ್ಪುವುದಿಲ್ಲ, ಆದರೂ ಒಂದು ಸಲ ಹೇಳಿ ನೋಡಿ.

ಎಲ್ಲಕ್ಕಿಂತ ಜಾಸ್ತಿ ಎಡವುವುದು ಕ್ರಿಯಾಪದದಲ್ಲಿ. ಈ ಸಾಲು ನೋಡಿ: ‘2000ದಲ್ಲಿ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅಪಹರಿಸಿದ.’ ಒಬ್ಬರಿಗೆ ‘ಅವರನ್ನು’, ಇನ್ನೊಬ್ಬನಿಗೆ ಬರೀ ‘ಸಿದ’. ‘ವರನಟ’ ಅಂತಲೂ ಇಲ್ಲ, ‘ಕುಖ್ಯಾತ’ ಅಂತಲೂ ಇಲ್ಲ. ಆದರೂ ಯಾರು ಏನು ಅಂತ ತಿಳಿಯಿತಲ್ಲ! ಹಾಗಂತ ಏಕವಚನವೆಲ್ಲ ಬೈಗುಳವಲ್ಲ. ‘ಪಂಪ ಬರೆದ’, ‘ಅಕ್ಕಮಹಾದೇವಿ ಹೇಳುತ್ತಾಳೆ’ ಅನ್ನುತ್ತೇವೆ, ಅದರಲ್ಲಿ ಸಲಿಗೆ ಇದೆ. ‘ಕುವೆಂಪು ಬರೆದ’ ಅಂದರೆ ಮಾತ್ರ ಮೇಷ್ಟ್ರು ಪೆನ್ನು ತೆಗೆಯುತ್ತಾರೆ. ಗೆರೆ ಎಲ್ಲಿ ಎಳೆಯೋದು? ನಾನು ಮಾಡಿಕೊಂಡ ಲೆಕ್ಕ ಇದು: ನಮ್ಮಜ್ಜ ಕಣ್ಣಾರೆ ಕಂಡಿರಬಹುದಾದವರಿಗೆಲ್ಲ ‘ರು’ ಹಾಕಿ. ಬಸವಣ್ಣನವರ ವಿಷಯದಲ್ಲಿ ಈ ಲೆಕ್ಕ ನಡೆಯಲ್ಲ, ಕಾರ್ಡಿನಲ್ಲಿ ‘ನವರು’ ಬೇಕೇ ಬೇಕು. ಕ್ರಿಕೆಟ್‌ನವರದು ಇನ್ನೊಂದು ಕಥೆ. ಟಿವಿ ಮುಂದೆ ‘ದ್ರಾವಿಡ್ ಸೆಂಚುರಿ ಹೊಡೆದ’, ಸನ್ಮಾನ ಪತ್ರದಲ್ಲಿ ‘ಹೊಡೆದರು’.

ಕಾರ್ಡಿಗೂ ಫ್ಲೆಕ್ಸಿಗೂ ಭಾಷೆ ಬೇರೆ. ಕಾರ್ಡಿನಲ್ಲಿ ‘ಡಾ. ರಾಜ್‌ಕುಮಾರ್’ ಇರಲಿ. ಅದು 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕೊಟ್ಟ ಗೌರವ ಡಾಕ್ಟರೇಟ್. ಫ್ಲೆಕ್ಸಿನಲ್ಲಿ ‘ಅಣ್ಣಾವ್ರು’ ಸಾಕು. ಹೋದ ಮಾರ್ಚ್ 17ಕ್ಕೆ ಪುನೀತ್ ಹುಟ್ಟುಹಬ್ಬದ ಫ್ಲೆಕ್ಸಿಗೆ ನಾಲ್ಕು ಹುಡುಗರು ಬಂದಿದ್ದರು. “‘ಪವರ್ ಸ್ಟಾರ್’ ಹಾಕ್ಲಾ, ‘ಕರ್ನಾಟಕ ರತ್ನ’ ಹಾಕ್ಲಾ?” ಅಂತ ಕೇಳಿದೆ. ಒಬ್ಬ ತಲೆ ಅಲ್ಲಾಡಿಸಿದ. “ಏನೂ ಬೇಡ ಸಾರ್. ಸುಮ್ನೆ ‘ಅಪ್ಪು’ ಅಂತ ಹಾಕಿ, ದೊಡ್ಡದಾಗಿ.” ಹತ್ತು ಅಡಿ ಫ್ಲೆಕ್ಸಿಗೆ ಎರಡೇ ಅಕ್ಷರ. ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗದ ಹಾಗೆ ಕೂರಿಸೋಕೆ ಅರ್ಧ ಗಂಟೆ ಹಿಡಿಯಿತು.