ಅಮ್ಮನನ್ನು ಬಾಣಂತನಕ್ಕೆ ಜರ್ಮನಿಗೆ ಕಳಿಸಿದ್ದು: ವೀಸಾ ವಿಷಯದಲ್ಲಿ ನನ್ನ ಅನುಭವ

ನಮ್ಮ ಅಕ್ಕ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. 2025ರ ಏಪ್ರಿಲ್‌ನಲ್ಲಿ ಫೋನ್ ಮಾಡಿ, ನವೆಂಬರ್ 20ಕ್ಕೆ ಡೇಟ್ ಕೊಟ್ಟಿದ್ದಾರೆ ಅಂದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಅನ್ನುವುದು ನಮ್ಮ ಕಡೆ ರೂಢಿ. ಅವಳು ಬರುವ ಹಾಗಿರಲಿಲ್ಲ. ಹಾಗಾದರೆ ನಾನೇ ಹೋಗುತ್ತೇನೆ ಅಂದಳು ಅಮ್ಮ. ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಹೋಗುವುದೇ ವರ್ಷಕ್ಕೊಮ್ಮೆ, ಅಂಥವಳು ಎರಡು ನಿಮಿಷ ಕೂಡ ಯೋಚನೆ ಮಾಡಲಿಲ್ಲ. ಕಾಗದಪತ್ರದ ಕೆಲಸ ನನ್ನ ತಲೆಗೆ ಬಂತು. ಮೊದಲ ಅರ್ಜಿ ತಿರಸ್ಕಾರ ಆಯಿತು, ಎರಡನೆಯದಕ್ಕೆ ವೀಸಾ ಸಿಕ್ಕಿತು. ಎರಡರ ನಡುವೆ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ. ಊರಿನಲ್ಲಿರುವ ಅಪ್ಪ ಅಮ್ಮನನ್ನು ಯೂರೋಪಿಗೆ ಕಳಿಸುವವರು ಈಗ ಮನೆಗೊಬ್ಬರು ಇದ್ದಾರೆ ಅಲ್ವಾ.

ಮೂರು ತಿಂಗಳೊಳಗಿನ ಭೇಟಿಗೆ ಬೇಕಾದದ್ದು ಶೆಂಗೆನ್ ವೀಸಾ. ಯೂರೋಪಿನ 29 ದೇಶಗಳಿಗೆ ಒಂದೇ ವೀಸಾ. ಜಾಸ್ತಿ ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಹೊರಡುವ ದಿನಕ್ಕೆ ಆರು ತಿಂಗಳಿಗಿಂತ ಮೊದಲು ಹಾಕುವ ಹಾಗಿಲ್ಲ, ಕೊನೇ ಪಕ್ಷ 15 ದಿನ ಮೊದಲು ಹಾಕಿರಬೇಕು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. 2024ರ ಜೂನ್‌ನಿಂದ ಶುಲ್ಕ 90 ಯೂರೊ, ಅದರ ಮೇಲೆ ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ದುಡ್ಡು ವಾಪಸ್ ಬರುವುದಿಲ್ಲ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಹೊರಡುವ ದಿನದ ನಂತರ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ನಾವು ಎಡವಿದ್ದು ಇದರಲ್ಲಿ ಅಲ್ಲ.

ಅಕ್ಕ ಮತ್ತು ಭಾವ ಅಲ್ಲಿ ಮಾಡಬೇಕಾದ ದೊಡ್ಡ ಕೆಲಸ ಒಂದಿತ್ತು. ಅವರ ಊರಿನ ವಿದೇಶಿಯರ ಕಚೇರಿಗೆ ಹೋಗಿ, ಅಮ್ಮನ ಖರ್ಚೆಲ್ಲ ನಮ್ಮದು ಅಂತ ಸರ್ಕಾರದ ಮುಂದೆಯೇ ಬರೆದುಕೊಡುವುದು. ಇದಕ್ಕೆ ಫೆರ್‌ಫ್ಲಿಖ್ಟುಂಗ್ಸ್‌ಎರ್‌ಕ್ಲೇರುಂಗ್ ಅಂತ ಉದ್ದದ ಹೆಸರು, ನಮ್ಮ ಮನೆಯಲ್ಲಿ ಅದು ಕೊನೆಗೂ 'ಅಕ್ಕನ ಕಾಗದ' ಅಂತಲೇ ಆಯಿತು. 29 ಯೂರೊ ಶುಲ್ಕ. ಸಂಬಳದ ಚೀಟಿ, ಮನೆ ಬಾಡಿಗೆ ಕರಾರು ಎಲ್ಲ ನೋಡಿ ಕೊಡುತ್ತಾರೆ. ಸಹಿ ಆದ ಆರು ತಿಂಗಳೊಳಗೆ ವೀಸಾಕ್ಕೆ ಬಳಸಬೇಕು. ಸ್ಕ್ಯಾನ್ ಮಾಡಿ ಕಳಿಸಿದರೆ ಆಗುವುದಿಲ್ಲ, ಮೂಲ ಪ್ರತಿಯೇ ಬೇಕು. ಅಕ್ಕ ಅದನ್ನು ಕೊರಿಯರ್‌ನಲ್ಲಿ ಕಳಿಸಿದಳು. ಜೊತೆಗೆ ಗರ್ಭಿಣಿಯರಿಗೆ ಅಲ್ಲಿ ಕೊಡುವ ಮುಟ್ಟರ್‌ಪಾಸ್ ಪುಸ್ತಕದ ಪ್ರತಿ. ಹೆರಿಗೆಯ ದಿನಾಂಕ ಅದರಲ್ಲಿ ಇರುತ್ತದೆ.

ಇಷ್ಟು ಗಟ್ಟಿ ಕಾಗದ ಕೈಯಲ್ಲಿದ್ದ ಮೇಲೆ ಇನ್ನೇನು ಬೇಕು ಅಂದುಕೊಂಡೆ. ಅದೇ ತಪ್ಪು.

ಜುಲೈ ಎರಡನೇ ವಾರ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್. ಹಿಂದಿನ ರಾತ್ರಿ ಬಸ್ಸಿಗೆ ಹೊರಟೆವು. ಅಲ್ಲಿ ಹತ್ತೂ ಬೆರಳಿನ ಗುರುತು ಕೊಡಬೇಕು. ಅಮ್ಮ ಗಾಜಿನ ಮೇಲೆ ಬಲಗೈ ಇಟ್ಟಳು, ಪರದೆಯಲ್ಲಿ ಬರೀ ಬಿಳಿ ಮಸುಕು. ನಲವತ್ತು ವರ್ಷ ಅಡಿಕೆ ಸುಲಿದ ಕೈ, ರೇಖೆಗಳು ಸವೆದುಹೋಗಿವೆ. ರೇಷನ್ ಅಂಗಡಿಯಲ್ಲೂ ಅಮ್ಮನ ಹೆಬ್ಬೆಟ್ಟು ಒಂದೇ ಸಲಕ್ಕೆ ಹಿಡಿದದ್ದೇ ಇಲ್ಲ. ಕೌಂಟರಿನಲ್ಲಿದ್ದ ಹುಡುಗಿ ತಾಳ್ಮೆಯವಳು. ಒದ್ದೆ ಟಿಶ್ಯೂ ಕೊಟ್ಟು ಒರೆಸಿಕೊಳ್ಳಿ ಅಮ್ಮಾ ಅಂದಳು, ತಾನೇ ಬೆರಳಿನ ಮೇಲೆ ಮೆಲ್ಲಗೆ ಒತ್ತಿ ಹಿಡಿದಳು. ನಾಲ್ಕನೇ ಸಲಕ್ಕೆ ಹಿಡಿಯಿತು. ಹೀಗೆ ಕೈಕೆಲಸ ಮಾಡಿದವರನ್ನು ಕರೆದುಕೊಂಡು ಹೋಗುವವರು ಹಿಂದಿನ ನಾಲ್ಕೈದು ದಿನ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಸಿ, ಆ ದಿನ ಬೆಳಿಗ್ಗೆ ಚೆನ್ನಾಗಿ ತೊಳೆಸಿ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ಅವರ ಹತ್ತಿರ ಇರುತ್ತದೆ, ಹಾಗಾಗಿ ಎರಡನೇ ಅರ್ಜಿಗೆ ಈ ಕಷ್ಟ ಇರಲಿಲ್ಲ.

ಜುಲೈ ಕೊನೆಗೆ ಪಾಸ್‌ಪೋರ್ಟ್ ವಾಪಸ್ ಬಂತು. ಒಳಗೆ ವೀಸಾ ಇಲ್ಲ, ಒಂದು ಅಚ್ಚಿನ ನಮೂನೆ. ಕಾರಣಗಳ ಪಟ್ಟಿಯಲ್ಲಿ ಒಂದಕ್ಕೆ ಗುರುತು ಹಾಕಿದ್ದರು. ವೀಸಾ ಮುಗಿಯುವ ಮೊದಲು ಇವರು ವಾಪಸ್ ಹೊರಡುತ್ತಾರೆ ಅನ್ನುವುದರ ಬಗ್ಗೆ ಸಂಶಯವಿದೆ ಅಂತ ಅದರ ಅರ್ಥ. ಅಮ್ಮನಿಗೆ ಓದಿ ಹೇಳಿದೆ. ಅವಳು ಒಲೆ ಮುಂದೆ ಇದ್ದಳು. "ನಾನ್ಯಾಕೆ ಅಲ್ಲಿ ಉಳೀಲಿ? ಅಡಿಕೆ ಕೊಯ್ಲು ಟೈಮಿಗೆ ಬಿಟ್ಟು ಹೋಗ್ತಿರೋದೇ ಹೆಚ್ಚು. ಅಪ್ಪಂಗೆ ಒಂದು ಲೋಟ ಕಾಫಿ ಮಾಡ್ಕೊಳಕ್ಕೆ ಬರಲ್ಲ" ಅಂದಳು.

ಅವತ್ತು ರಾತ್ರಿ ಮೊದಲ ಅರ್ಜಿಯ ಜೆರಾಕ್ಸ್ ತೆಗೆದು ಪುಟ ಪುಟ ನೋಡಿದೆ. ಅಮ್ಮ ಹೇಳಿದ ಈ ಮೂರು ಮಾತಿನಲ್ಲಿ ಒಂದೂ ಅದರಲ್ಲಿ ಇರಲಿಲ್ಲ. ಇದ್ದದ್ದೆಲ್ಲ ಅಕ್ಕನದ್ದೇ. ಅಕ್ಕನ ಸಂಬಳ, ಅಕ್ಕನ ಮನೆ, ಅಕ್ಕನ ಕಾಗದ. ಖರ್ಚು ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆಗೆ ಅದು ಉತ್ತರ. ಅಮ್ಮ ಯಾಕೆ ಊರಿಗೆ ಬಂದೇ ಬರುತ್ತಾಳೆ ಅನ್ನುವುದಕ್ಕೆ ಅಲ್ಲ. ಅರ್ಜಿ ನೋಡುವವರಿಗೆ ನಮ್ಮ ಮನೆ ಗೊತ್ತಿಲ್ಲ, ತೋಟ ಗೊತ್ತಿಲ್ಲ. ನಾವು ಹೇಳದೆ ಅವರಿಗೆ ಹೇಗೆ ತಿಳಿಯಬೇಕು?

ಇನ್ನೊಂದು ವಿಷಯ ನನಗೆ ಈಗಲೂ ಚುಚ್ಚುತ್ತದೆ. ಉದ್ಯೋಗ ಅನ್ನುವ ಜಾಗದಲ್ಲಿ ಗೃಹಿಣಿ ಅಂತ ಬರೆದಿದ್ದೆ. ಯೋಚನೆಯೇ ಮಾಡದೆ ಬರೆದದ್ದು. ಅಮ್ಮನ ಹೆಸರಿನಲ್ಲಿ ಒಂದು ಎಕರೆ ಹತ್ತು ಗುಂಟೆ ತೋಟ ಇದೆ, ಅವಳ ತವರಿನಿಂದ ಬಂದದ್ದು. ಕಳೆ, ಗೊಬ್ಬರ, ಕೊಯ್ಲಿನ ಆಳುಗಳ ಲೆಕ್ಕ, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಎಲ್ಲ ಅವಳದೇ ಮೇಲ್ವಿಚಾರಣೆ. ಅವಳು ರೈತಳು. ಮಗನಾಗಿ ನಾನೇ ಅದನ್ನು ಬರೆದಿರಲಿಲ್ಲ. ನಿಮ್ಮ ಅಮ್ಮಂದಿರ ಅರ್ಜಿ ತುಂಬುವಾಗ ಆ ಒಂದು ಜಾಗದಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಹೊಲಿಗೆ ಇರಬಹುದು, ಹಾಲಿನ ಡೈರಿಗೆ ಹಾಲು ಹಾಕುವುದಿರಬಹುದು, ಅದು ಕೆಲಸವೇ, ಅದಕ್ಕೆ ಕಾಗದವೂ ಸಿಗುತ್ತದೆ.

ಬ್ಯಾಂಕಿನ ವಿಷಯದಲ್ಲೂ ಎಡವಿದ್ದೆ. ಖಾತೆಯಲ್ಲಿ ದುಡ್ಡು ಕಾಣಲಿ ಅಂತ ಅರ್ಜಿಗೆ ಒಂದು ವಾರ ಮೊದಲು ನಾನೇ ಒಂದು ಲಕ್ಷ ಹಾಕಿದ್ದೆ. ಮೂರು ತಿಂಗಳ ಸ್ಟೇಟ್‌ಮೆಂಟಿನಲ್ಲಿ ಅದು ಒಂಟಿ ಮರದ ಹಾಗೆ ನಿಂತಿತ್ತು. ಅದು ಎಲ್ಲಿಂದ ಬಂತು ಅಂತ ಹೇಳುವ ಒಂದು ಚೀಟಿಯೂ ಜೊತೆಗಿಲ್ಲ. ಹಾಗೆ ಹಾಕುವುದಕ್ಕಿಂತ ಇರುವ ಮೂವತ್ತು ನಲವತ್ತು ಸಾವಿರವನ್ನು ಇದ್ದ ಹಾಗೆ ತೋರಿಸುವುದು ಎಷ್ಟೋ ವಾಸಿ. ಖರ್ಚಿಗೆ ಅಕ್ಕನ ಕಾಗದ ಇದ್ದೇ ಇತ್ತಲ್ಲ.

ತಿರಸ್ಕಾರ ಆದರೆ ಮರುಪರಿಶೀಲನೆಗೆ ಪತ್ರ ಬರೆಯಬಹುದು ಅಂತ ಕೆಲವರು ಹೇಳಿದರು. ಅದು ಹಳೇ ಮಾತು. ಜರ್ಮನಿ 2025ರ ಜುಲೈ 1ರಿಂದ ಆ ದಾರಿಯನ್ನೇ ಮುಚ್ಚಿದೆ. ಈಗ ಇರುವುದು ಎರಡೇ, ಬರ್ಲಿನ್‌ನ ಕೋರ್ಟಿಗೆ ಹೋಗುವುದು ಅಥವಾ ಹೊಸ ಅರ್ಜಿ. ನಾವು ಆಗಸ್ಟ್ ಕೊನೆಗೆ ಮತ್ತೆ 90 ಯೂರೊ ಕಟ್ಟಿ ಹೊಸ ಅರ್ಜಿ ಹಾಕಿದೆವು. ಹಿಂದೆ ತಿರಸ್ಕಾರ ಆಗಿದೆ ಅನ್ನುವುದನ್ನು ಮುಚ್ಚಿಡಲಿಲ್ಲ. ಅವರ ಕಂಪ್ಯೂಟರಿನಲ್ಲಿ ಅದು ಇದ್ದೇ ಇರುತ್ತದೆ, ಮುಚ್ಚಿಟ್ಟರೆ ಕೆಡುವುದು ನಮ್ಮ ಹೆಸರೇ.

ಈ ಸಲ ಏನೇನು ಇಟ್ಟೆವು ಅಂದರೆ, ಅಮ್ಮನ ಹೆಸರಿನ ಪಹಣಿ, ಅದರ ಇಂಗ್ಲಿಷ್ ಅನುವಾದ ನೋಟರಿ ಸಹಿಯೊಂದಿಗೆ, ಎರಡು ವರ್ಷ ಅಡಿಕೆ ಮಾರಿದ್ದಕ್ಕೆ ಮಂಡಿಯವರು ಕೊಟ್ಟ ಪಟ್ಟಿಗಳು, ಆ ದುಡ್ಡು ಅಮ್ಮನ ಖಾತೆಗೆ ಬಿದ್ದದ್ದನ್ನು ತೋರಿಸುವ ಪಾಸ್‌ಬುಕ್ ಪುಟಗಳು. ಅಪ್ಪನ ಕಡೆಯಿಂದ ಒಂದು ಪತ್ರ, ನಾನು ಊರಿನಲ್ಲೇ ಇರುತ್ತೇನೆ, ನನಗೆ 71 ವರ್ಷ, ಬಿಪಿ ಇದೆ, ಹೆಂಡತಿ ಜನವರಿ ಕೊನೆಗೆ ವಾಪಸ್ ಬರುತ್ತಾಳೆ ಅಂತ. ಪಟ್ಟಿಗಳು ಕನ್ನಡದಲ್ಲಿ ಇದ್ದವು, ಅವನ್ನೂ ಅನುವಾದ ಮಾಡಿಸಿದೆ. ನಮ್ಮ ಭಾಷೆಯ ಕಾಗದ ಎಷ್ಟೇ ಸತ್ಯವಾಗಿದ್ದರೂ ಓದಲು ಬಾರದವರ ಮುಂದೆ ಅದು ಖಾಲಿ ಹಾಳೆಯೇ.

ಇವೆಲ್ಲದರ ಮೇಲೆ ಒಂದೇ ಪುಟದ ಪತ್ರ. ಅಮ್ಮ ಒಲೆ ಮುಂದೆ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದೆ. ಮಗಳ ಮೊದಲ ಹೆರಿಗೆ, ಅದಕ್ಕೆ ಹೋಗುತ್ತಿದ್ದೇನೆ, ತೋಟ ಇದೆ, ಗಂಡ ಒಬ್ಬರೇ ಇದ್ದಾರೆ, ಕೊಯ್ಲು ಮುಗಿಯುವ ಮೊದಲು ಬರಬೇಕು. ಯಾವ ಮಾತಿಗೆ ಯಾವ ಕಾಗದ ಅಂತ ಪಕ್ಕದಲ್ಲಿ ಪುಟದ ಸಂಖ್ಯೆ.

ಹೆಸರಿನ ತೊಂದರೆ ನಮ್ಮ ಕಡೆಯವರಿಗೆ ಇದ್ದೇ ಇರುತ್ತದೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಶಾರದಮ್ಮ, ಅಕ್ಕನ ಜನನ ಪ್ರಮಾಣಪತ್ರದಲ್ಲಿ ತಾಯಿ ಹೆಸರು ಶಾರದಾ. ಊರಿನಲ್ಲಿ ಇದು ಒಂದು ವಿಷಯವೇ ಅಲ್ಲ. ಹೊರಗಿನವರಿಗೆ ಇವರಿಬ್ಬರು ಬೇರೆ ಬೇರೆ ಹೆಂಗಸರು. ಎರಡೂ ಹೆಸರು ಒಬ್ಬರದ್ದೇ ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ಇಟ್ಟೆವು. ತಾಯಿ ಮಗಳ ಸಂಬಂಧವೇ ಇಡೀ ಅರ್ಜಿಗೆ ಆಧಾರ, ಅಲ್ಲೇ ಬಿರುಕು ಇರಬಾರದು.

ವಿಮೆ ಕನಿಷ್ಠ 30,000 ಯೂರೊದ್ದು, ಇಡೀ ಶೆಂಗೆನ್ ಪ್ರದೇಶಕ್ಕೆ, ಇರುವ ಅಷ್ಟೂ ದಿನಕ್ಕೆ ಆಗಿರಬೇಕು. ಏಜೆಂಟ್ ಒಬ್ಬರು ಮಾಡಿಕೊಟ್ಟ ಪಾಲಿಸಿಯಲ್ಲಿ ಜರ್ಮನಿ ಅಂತ ಮಾತ್ರ ಇತ್ತು. ಓದಿ ನೋಡಿದ್ದಕ್ಕೆ ಸಿಕ್ಕಿತು, ಬದಲಾಯಿಸಿಕೊಂಡೆ. ಟಿಕೆಟ್ ಪೂರ್ತಿ ದುಡ್ಡು ಕೊಟ್ಟು ಮೊದಲೇ ತಗೋಬೇಡಿ, ಅರ್ಜಿಗೆ ಬುಕಿಂಗ್ ತೋರಿಸಿದರೆ ಸಾಕು.

ಸೆಪ್ಟೆಂಬರ್ ಮಧ್ಯದಲ್ಲಿ ವೀಸಾ ಬಂತು. ಪಾಸ್‌ಪೋರ್ಟ್ ತೆರೆದು ಅಮ್ಮನ ಕೈಗೆ ಕೊಟ್ಟೆ. ಸೆರಗಿನಲ್ಲಿ ಕೈ ಒರೆಸಿಕೊಂಡು ತಗೊಂಡಳು, ದೇವರ ಮುಂದೆ ಇಟ್ಟಳು.

ಇಲ್ಲಿ ತುಂಬ ಜನ ತಪ್ಪು ತಿಳಿಯುವ ಒಂದು ವಿಷಯ ಇದೆ. ಅಮ್ಮನ ವೀಸಾದಲ್ಲಿ ನವೆಂಬರ್ 5ರಿಂದ ಫೆಬ್ರವರಿ 17ರವರೆಗೆ ಅಂತ ಇತ್ತು, ಕೆಳಗೆ 90 ದಿನ ಅಂತ ಇತ್ತು. ಹಾಗಾದರೆ ಫೆಬ್ರವರಿ 17ರ ತನಕ ಇರಬಹುದಲ್ಲ ಅಂತ ಅಕ್ಕ ಖುಷಿಪಟ್ಟಳು. ಆಗುವುದಿಲ್ಲ. ಮೇಲಿನ ದಿನಾಂಕ ಪ್ರಯಾಣ ಹಿಂದೆ ಮುಂದೆ ಆದರೆ ಇರಲಿ ಅಂತ ಕೊಡುವ 15 ದಿನದ ಸಡಿಲ. ಇರುವುದಕ್ಕೆ ಅನುಮತಿ 90 ದಿನಕ್ಕೆ ಮಾತ್ರ, ಇಳಿದ ದಿನವೂ ಲೆಕ್ಕ, ಹೊರಡುವ ದಿನವೂ ಲೆಕ್ಕ. ನವೆಂಬರ್ 5ಕ್ಕೆ ಇಳಿದರೆ ತೊಂಬತ್ತನೇ ದಿನ ಫೆಬ್ರವರಿ 2. ನಾವು ಜನವರಿ 31ಕ್ಕೆ ವಾಪಸ್ ಟಿಕೆಟ್ ಮಾಡಿದೆವು, ಅದು 88ನೇ ದಿನ. ವಿಮಾನ ರದ್ದಾದರೆ ಎರಡು ದಿನ ಕೈಯಲ್ಲಿರಲಿ ಅಂತ. ಮೂರು ತಿಂಗಳು ಅಂತ ಬಾಯಿಲೆಕ್ಕ ಹಾಕಬೇಡಿ, ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು ಬೆರಳಿಟ್ಟು ಎಣಿಸಿ. 180 ದಿನದಲ್ಲಿ 90 ದಿನ ಅನ್ನುವುದು ನಿಯಮ, ಒಮ್ಮೆ ಹೊರಗೆ ಹೋಗಿ ಬಂದ ಕೂಡಲೇ ಲೆಕ್ಕ ಸೊನ್ನೆಯಿಂದ ಶುರು ಆಗುವುದಿಲ್ಲ. ಪ್ರವೇಶ ಒಂದೇ ಸಲ ಅಂತ ಬೇರೆ ಇತ್ತು. ನಡುವೆ ಲಂಡನ್‌ನಲ್ಲಿರುವ ಚಿಕ್ಕಮ್ಮನ ಮಗಳ ಮನೆಗೆ ಹೋಗಿ ಬರೋಣ ಅನ್ನುವ ಆಸೆ ಅಲ್ಲಿಗೇ ಬಿಟ್ಟೆವು. ಬ್ರಿಟನ್ ಶೆಂಗೆನ್‌ನಲ್ಲಿ ಇಲ್ಲ, ಅದಕ್ಕೆ ಬೇರೆಯೇ ವೀಸಾ.

ವೀಸಾ ಇದ್ದರೂ ಒಳಗೆ ಬಿಡುವ ಬಿಡದಿರುವ ಅಧಿಕಾರ ಗಡಿಯ ಅಧಿಕಾರಿಯದ್ದು. ಅದಕ್ಕೆ ಅಕ್ಕನ ವಿಳಾಸ, ಫೋನ್ ನಂಬರ್, ವಾಪಸ್ ಟಿಕೆಟ್, ವಿಮೆ, ಅಕ್ಕನ ಕಾಗದದ ಪ್ರತಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಅಮ್ಮನ ಕೈಚೀಲದಲ್ಲೇ ಇಟ್ಟೆ. ದೊಡ್ಡ ಪೆಟ್ಟಿಗೆ ಸಿಗುವುದು ಅಧಿಕಾರಿಯನ್ನು ದಾಟಿದ ಮೇಲೆ, ಅದರಲ್ಲಿ ಇಟ್ಟರೆ ಉಪಯೋಗ ಇಲ್ಲ. ಅಮ್ಮನಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಭಾವ ಜರ್ಮನ್‌ನಲ್ಲಿ ಐದು ಸಾಲು ಬರೆದು ಕಳಿಸಿದ್ದರು. ಯಾರು, ಎಲ್ಲಿಗೆ, ಯಾಕೆ, ಎಷ್ಟು ದಿನ, ಹೊರಗೆ ಯಾರು ಕಾಯುತ್ತಿದ್ದಾರೆ. ವಿಮಾನ ಬದಲಾಯಿಸುವ ಗೊಂದಲ ಬೇಡ ಅಂತ ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನವನ್ನೇ ನೋಡಿದೆವು. ಅಮ್ಮ ಆ ಚೀಟಿ ತೋರಿಸಿದಳಂತೆ, ಅಧಿಕಾರಿ ಓದಿ ನಕ್ಕು ಮೊಹರು ಹಾಕಿದರಂತೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಕಂಪ್ಯೂಟರಿನಲ್ಲೇ ಬಂದ ದಿನ, ಹೋದ ದಿನ ದಾಖಲು ಮಾಡುವ ವ್ಯವಸ್ಥೆ ಬಂದಿದೆ, ಮುಖದ ಫೋಟೋ ತೆಗೆಯುತ್ತಾರೆ. ಇನ್ನು ಮೇಲೆ ಒಂದು ದಿನ ಜಾಸ್ತಿ ಆದರೂ ತಾನಾಗಿಯೇ ಗೊತ್ತಾಗುತ್ತದೆ.

ಪೆಟ್ಟಿಗೆಯ ವಿಷಯ. ತುಪ್ಪ ಒಯ್ಯುವ ಹಾಗಿಲ್ಲ. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯೂರೋಪಿನ ಹೊರಗಿನಿಂದ ತರಬಾರದು ಅನ್ನುವ ನಿಯಮ ಇದೆ. ಹಸಿ ಕರಿಬೇವೂ ಆಗುವುದಿಲ್ಲ. ಬಾಣಂತನಕ್ಕೆ ಮನೆ ತುಪ್ಪ ಇಲ್ಲದೆ ಹೇಗೆ ಅಂತ ಅಮ್ಮ ಎರಡು ದಿನ ಸಪ್ಪಗಿದ್ದಳು. ಅಲ್ಲಿ ಬೆಣ್ಣೆ ಚೆನ್ನಾಗಿ ಸಿಗುತ್ತದೆ, ನೀನೇ ಕಾಯಿಸು ಅಂದೆ. ಬಾಣಂತಿ ಖಾರದ ಪುಡಿ, ಒಣ ಶುಂಠಿ, ಓಮ ಇವನ್ನು ಒಯ್ದಳು. ತನ್ನ ಬಿಪಿ ಮಾತ್ರೆ ಮೂರು ತಿಂಗಳಿಗೆ ಆಗುವಷ್ಟು, ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಬರೆಸಿ ಜೊತೆಗೆ.

ಮಗು ಹುಟ್ಟಿದ್ದು ನವೆಂಬರ್ 23ಕ್ಕೆ, ಹೆಣ್ಣು. ಅಮ್ಮ ಜನವರಿ 31ಕ್ಕೆ ಅಲ್ಲಿಂದ ಹೊರಟು ಬಂದಳು. ಬಂದ ದಿನವೇ ಅವಳ ಪಾಸ್‌ಪೋರ್ಟಿನ ಎರಡೂ ಮೊಹರಿನ ಫೋಟೋ ತೆಗೆದು ಇಟ್ಟಿದ್ದೇನೆ, ಬೋರ್ಡಿಂಗ್ ಪಾಸ್ ಕೂಡ ಎಸೆದಿಲ್ಲ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಒಂದು ಅನುಕೂಲ ಆಗಿದೆ. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದರೆ ಮುಂದಿನದು ಎರಡು ವರ್ಷದ್ದು ಸಿಗುವ ಅವಕಾಶ ಇದೆ. ಅಮ್ಮನದು ಒಂದು ಆಯಿತು. ಅಪ್ಪ ಇಷ್ಟು ದಿನ ನನಗ್ಯಾಕೆ ಪಾಸ್‌ಪೋರ್ಟ್ ಅನ್ನುತ್ತಿದ್ದವರು, ಮೊನ್ನೆ ಮೊಮ್ಮಗಳನ್ನು ಫೋನಿನಲ್ಲಿ ನೋಡಿದ ಮೇಲೆ ತಾವೇ ಆಧಾರ್ ಕಾರ್ಡ್ ತಂದು ನನ್ನ ಮುಂದೆ ಇಟ್ಟಿದ್ದಾರೆ. ಅದರಲ್ಲಿ ಅವರ ಹೆಸರು ಶಾಲೆಯ ದಾಖಲೆಯಲ್ಲಿ ಇದ್ದ ಹಾಗಿಲ್ಲ, ಮೊದಲು ಅದನ್ನು ಸರಿ ಮಾಡಿಸಬೇಕು.