ಗಡಿಯಾರ ನೋಡದೆ ಆ ಚಿತ್ರಗಳ ಮುಂದೆ ಕೂರಿ

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್), ಲೈಸೆನ್ಸ್, ಬ್ಯಾಂಕ್ ಖಾತೆಯ ವಿಷಯ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಈ ನೆಲದ ಬೆಟ್ಟ, ನದಿಗಳನ್ನು ಬಿಡಿಸಿದ ಚಿತ್ರಕಾರರ ವಿಷಯ. ನನಗೆ ಅದು ತುಂಬಾ ತಡವಾಗಿ ತಿಳಿಯಿತು.

ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಮೊದಲ ಸಲ ಬಂದಾಗ ನ್ಯೂಯಾರ್ಕಿಗೆ ಒಂದೇ ದಿನ ಇಟ್ಟುಕೊಂಡಿದ್ದೆ. ಧರ್ಮಸ್ಥಳ, ಹೊರನಾಡು, ಶೃಂಗೇರಿ ಒಂದೇ ದಿನಕ್ಕೆ ಮುಗಿಸುತ್ತೇವಲ್ಲ, ಹಾಗೆ. ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟಿದ್ದು ಒಂದು ಗಂಟೆ. ಅಲ್ಲಿ ಏಳು ವರ್ಷದ ಮಗಳು ಒಂದು ದೊಡ್ಡ ಚಿತ್ರದ ಮುಂದೆ ನಿಂತುಬಿಟ್ಟಳು. "ಅಜ್ಜ, ಕೆಳಗೆ ಬಂಡೆ ಹತ್ರ ಯಾರೋ ಕೂತಿದ್ದಾರೆ ನೋಡು" ಅಂದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗುವಷ್ಟರಲ್ಲಿ ನಾನು "ಹೊತ್ತಾಯ್ತು, ನಡೀರಿ" ಎಂದು ಅವಳ ಕೈ ಹಿಡಿದು ಎಳೆದೆ.

ಅದು ಥಾಮಸ್ ಕೋಲ್ 1836ರಲ್ಲಿ ಬಿಡಿಸಿದ 'ದಿ ಆಕ್ಸ್‌ಬೋ'. ಮ್ಯಾಸಚೂಸೆಟ್ಸಿನ ಮೌಂಟ್ ಹೋಲಿಯೋಕ್ ಗುಡ್ಡದ ಮೇಲಿಂದ ಕಾಣುವ ಕನೆಕ್ಟಿಕಟ್ ನದಿಯ ತಿರುವು. ಎಡಕ್ಕೆ ಮಳೆ ಸುರಿಸಿ ಸರಿಯುತ್ತಿರುವ ಕಪ್ಪು ಮೋಡ, ಮುರಿದ ಮರ, ಕಾಡು. ಬಲಕ್ಕೆ ಬಿಸಿಲು ಬಿದ್ದ ಹೊಲಗಳು. ಬಂಡೆಗಳ ಸಂದಿಯಲ್ಲಿ ಕೂತು, ಚಿತ್ರ ಬಿಡಿಸುತ್ತ, ನಮ್ಮ ಕಡೆ ತಿರುಗಿ ನೋಡುವ ಪುಟ್ಟ ಆಕೃತಿ ಕೋಲ್‌ನದೇ. ಮಗಳು ಅವನನ್ನು ಕಂಡಿದ್ದಳು. ಅಪ್ಪನಿಗೆ ಕಾಣಲು ನಾನು ಬಿಡಲಿಲ್ಲ. ಅಪ್ಪ ಈಗಿಲ್ಲ. ಆ ಒಂದು ನಿಮಿಷ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಉಕ್ಕುತ್ತದೆ.

ಕೋಲ್ ಕೂಡ ವಲಸೆ ಬಂದವನು. 1801ರಲ್ಲಿ ಇಂಗ್ಲೆಂಡಿನ ಬೋಲ್ಟನ್‌ನಲ್ಲಿ ಹುಟ್ಟಿ, 1818ರಲ್ಲಿ ಮನೆಯವರೊಂದಿಗೆ ಇಲ್ಲಿಗೆ ಬಂದ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆ, ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಅಲೆದ. ಅವನನ್ನು ಹಿಂಬಾಲಿಸಿದವರನ್ನೆಲ್ಲ ಸೇರಿಸಿ ಹಡ್ಸನ್ ರಿವರ್ ಸ್ಕೂಲ್ ಎನ್ನುತ್ತಾರೆ; ಅದು ಶಾಲೆಯಲ್ಲ, ಚಿತ್ರಕಾರರ ಒಂದು ಪಂಥ. ರಾಕಿ ಪರ್ವತಗಳನ್ನು ಬಿಡಿಸಿದ ಆಲ್ಬರ್ಟ್ ಬಿಯರ್‌ಸ್ಟಾಟ್ ಹುಟ್ಟಿದ್ದು ಜರ್ಮನಿಯಲ್ಲಿ. ಯೆಲ್ಲೊಸ್ಟೋನನ್ನು ಬಿಡಿಸಿದ ಥಾಮಸ್ ಮೋರನ್ ಕೂಡ ಬೋಲ್ಟನ್‌ನವನೇ. ಅವನು ಅಲ್ಲಿಂದ ತಂದ ಚಿತ್ರಗಳು 1872ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಲು ನೆರವಾದವು. "ನಾವೆಷ್ಟೇ ವರ್ಷ ಇದ್ದರೂ ಇದು ನಮ್ಮ ಊರಲ್ಲ" ಎಂದು ಸಂಕ್ರಾಂತಿ ಊಟದಲ್ಲಿ ಯಾರಾದರೂ ಹೇಳಿದಾಗ ನಾನೂ ತಲೆಯಾಡಿಸುತ್ತಿದ್ದೆ. ಈಗ ಇವರೆಲ್ಲ ನೆನಪಾಗುತ್ತಾರೆ. ಆದರೆ ಮಕ್ಕಳಿಗೆ ಇನ್ನೊಂದು ಮಾತೂ ಹೇಳಿ: ಚಿತ್ರಗಳಲ್ಲಿ ನಿರ್ಜನವಾಗಿ ಕಾಣುವ ಆ ಕಾಡುಗಳಲ್ಲಿ ಮೂಲನಿವಾಸಿಗಳು ಬಾಳಿದ್ದರು.

ಟಿಕೆಟ್ ವಿಷಯ ಬೇಗ ಹೇಳಿಬಿಡುತ್ತೇನೆ. ನಿಮ್ಮೂರಿನ ಲೈಬ್ರರಿಯಲ್ಲಿ ಮ್ಯೂಸಿಯಂ ಪಾಸ್ ಕೇಳಿ, ಎಷ್ಟೋ ಕಡೆ ಕೊಡುತ್ತಾರೆ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಪ್ರವೇಶ ಉಚಿತ, ಕೋಲ್‌ನ ಶಿಷ್ಯ ಫ್ರೆಡರಿಕ್ ಚರ್ಚ್‌ನ 'ನಯಾಗರ' ಇರುವುದು ಅವರಲ್ಲೇ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿರುವ ವಾಡ್ಸ್‌ವರ್ತ್ ಅಥೀನಿಯಂ ಎಂಬ ಮ್ಯೂಸಿಯಂ 1844ರಿಂದ ತೆರೆದಿದೆ. ಅರ್ಕನ್ಸಾದ ಬೆಂಟನ್‌ವಿಲ್‌ನಲ್ಲಿ ಕೆಲಸ ಸಿಕ್ಕವರು ಊರಲ್ಲಿ ಏನೂ ಇಲ್ಲ ಎಂದು ಕೊರಗಬೇಡಿ. ಅಲ್ಲಿಯ ಕ್ರಿಸ್ಟಲ್ ಬ್ರಿಡ್ಜಸ್ ಮ್ಯೂಸಿಯಮ್ಮಿನಲ್ಲಿ ಚಿತ್ರಕಾರ ಆಶರ್ ಡ್ಯುರಾಂಡ್‌ನ 'ಕಿಂಡ್ರೆಡ್ ಸ್ಪಿರಿಟ್ಸ್' ಇದೆ, ಕೋಲ್ ತೀರಿಕೊಂಡ ಮರುವರ್ಷ ಅವನ ನೆನಪಿಗೆ ಬಿಡಿಸಿದ್ದು.

ಎಲ್ಲ ಕೋಣೆಗಳನ್ನೂ ಸುತ್ತಬೇಡಿ. ಒಂದು ಚಿತ್ರ ಆರಿಸಿಕೊಂಡು ಎದುರಿನ ಬೆಂಚಿನ ಮೇಲೆ ಕೂರಿ. ಚರ್ಚ್‌ನ 'ಹಾರ್ಟ್ ಆಫ್ ದಿ ಆಂಡೀಸ್' ಸುಮಾರು ಹತ್ತು ಅಡಿ ಅಗಲ. 1859ರಲ್ಲಿ ಜನ 25 ಸೆಂಟ್ ಕೊಟ್ಟು ದುರ್ಬೀನು ಹಿಡಿದು ಅದರ ಎಲೆ ಎಲೆಯನ್ನೂ ನೋಡಿದ್ದರು. ಬೆಂಗಳೂರಿನಲ್ಲಿ ಆರು ವರ್ಷ ಇದ್ದ ನಾನು ಚಿತ್ರಕಲಾ ಪರಿಷತ್ತಿನಲ್ಲಿರುವ ರಷ್ಯನ್ ಚಿತ್ರಕಾರ ರೋರಿಕ್‌ರ ಚಿತ್ರಗಳನ್ನು ಒಮ್ಮೆಯೂ ನೋಡಲಿಲ್ಲ. ಊರಿಗೆ ಹೋದಾಗ ನೀವಾದರೂ ಮಕ್ಕಳಿಗೆ ತೋರಿಸಿ.

ಕಳೆದ ವರ್ಷ ಅಮ್ಮನನ್ನು ಮೌಂಟ್ ಹೋಲಿಯೋಕ್‌ಗೆ ಕರೆದುಕೊಂಡು ಹೋದೆವು. ಚಳಿಗಾಲ ಬಿಟ್ಟರೆ ಕಾರು ತುದಿಯವರೆಗೂ ಹೋಗುತ್ತದೆ, ಮೊಣಕಾಲು ನೋವಿನವರಿಗೂ ತೊಂದರೆಯಿಲ್ಲ. 1840ರ ಪ್ರವಾಹದಲ್ಲಿ ನದಿ ಆ ತಿರುವನ್ನು ಕತ್ತರಿಸಿಕೊಂಡು ನೇರ ಹರಿಯಿತು, ಈಗ ಪಕ್ಕದಲ್ಲೇ ಹೆದ್ದಾರಿಯಿದೆ. ಕಾಲೇಜಿಗೆ ಹೋಗುತ್ತಿರುವ ಮಗಳು ಚಿತ್ರಕಾರ ಕೂತಿರಬಹುದಾದ ಬಂಡೆಯನ್ನು ಅಜ್ಜಿಗೆ ತೋರಿಸಿದಳು. ಅಮ್ಮ ಬಹಳ ಹೊತ್ತು ಕೆಳಗೆ ನೋಡಿ, "ನಮ್ಮ ತುಂಗೆ ಹೀಗೇ ಬಳಸ್ತಾಳೆ. ಅವರು ಇದ್ದಿದ್ರೆ ಏಳ್ತಾನೇ ಇರ್ಲಿಲ್ಲ" ಅಂದರು.